ರೀಡಿಂಗ್

ಹ್ಯಾಲಿಫ್ಯಾಕ್ಸಿನ ಬೀದಿಗಳಿಗೆ ಮೊಣಕಾಲಿನ ಮೇಲೆ ಹಳೇ ಹಗೆ.
ಹತ್ತಿದಷ್ಟೂ ಏರು. ಕೈಯಲ್ಲಿ ಟಾರ್ಚು, ಕೊರಳಲ್ಲಿ ನನ್ನದೇ ಫೋಟೊ,
ದಿನಕ್ಕೆ ತೊಂಬತ್ತು ಬಾಗಿಲು ತಟ್ಟಿ
ಗ್ಯಾಸಿನ ಮೀಟರ್ ಓದುತ್ತೇನೆ.
ಕಂಡದ್ದನ್ನು ಕಂಡ ಹಾಗೇ ಬರೆಯಬೇಕು.
ಒಂದಂಕಿ ತಪ್ಪಿದರೂ
ಯಾರದೋ ಚಳಿಯ ಬಿಲ್ ಯಾರದೋ ಮನೆಗೆ ಹೋಗುತ್ತದೆ.

ರಾತ್ರಿ ಕನ್ನಡದಲ್ಲಿ ಕತೆ.
ಹದಿನಾರನೇ ನಂಬರಿನ ನಾಯಿಗೆ
ಹನ್ನೊಂದನೇ ನಂಬರಿನ ಮುದುಕನ ಕುಂಟು ಕೊಡುತ್ತೇನೆ,
ಬೇಕರಿಯವನಿಗೆ ನಮ್ಮ ಸೋದರಮಾವನ ಕೆಮ್ಮು.
ಯಾರೂ ತಕರಾರು ತೆಗೆದಿಲ್ಲ.
ಈ ಬೀದಿಯಲ್ಲಿ ಕನ್ನಡ ಬಲ್ಲವರು ನಾನು ಮತ್ತು ನನ್ನ ಹೆಂಡತಿ;
ಅವಳು ನನ್ನ ಕತೆ ಓದುವುದಿಲ್ಲ.

ಮಿಸೆಸ್ ಬ್ಯಾರಕ್ಲಫ್ ಅವರ ನೆಲಮಾಳಿಗೆಯಲ್ಲಿ
ನಾನೊಂದು ಪಿಯಾನೊ ಇಟ್ಟೆ.
ಅಲ್ಲಿದ್ದದ್ದು ಕಲ್ಲಿದ್ದಲ ಮಸಿ, ಬಣ್ಣದ ಡಬ್ಬಿ, ಒಂದು ತೊಟ್ಟಿಲು.
ತೊಟ್ಟಿಲು ಮುಟ್ಟಲು ಧೈರ್ಯ ಬರಲಿಲ್ಲ,
ಪಿಯಾನೊ ಆಯಿತು. ಮೂರು ಸ್ವರ ಸತ್ತದ್ದು,
ಮುಚ್ಚಳದ ಮೇಲೆ ಚಹಾ ಕಪ್ಪಿನ ಉಂಗುರ.

ಮೂರು ತಿಂಗಳಿಗೆ ಮತ್ತೆ ಆ ಮೆಟ್ಟಿಲಿಳಿದಾಗ
ಟಾರ್ಚು ಮೀಟರಿಗಿಂತ ಮೊದಲು ಗೋಡೆಗೆ ಹೋಯಿತು.
"ಏನಪ್ಪಾ ಹುಡುಕುತ್ತಿದ್ದೀಯ?"
"ಪಿಯಾನೊ," ಅಂದುಬಿಟ್ಟೆ.
"ಈ ಮನೆಯಲ್ಲಿ ಯಾವತ್ತೂ ಇರಲಿಲ್ಲ."
ಅದರ ಮುಂದಿನ ಸಲ ಅವರೇ ಮಾತೆತ್ತಿದರು:
"ಇದ್ದಿದ್ದರೆ ನಮ್ಮ ಹೇಜಲ್ ನುಡಿಸುತ್ತಿದ್ದಳು.
ಉದ್ದ ಬೆರಳು ಅವಳಿಗೆ, ಹುಟ್ಟಿದಾಗಲೇ."
ಹೇಜಲ್ ಯಾರೆಂದು ಕೇಳಲಿಲ್ಲ.
೪೦೭೧ ಬರೆದುಕೊಂಡೆ.
ಎರಡು ಸಲ ನೋಡಿ ಬರೆದುಕೊಂಡೆ.

ಬೆಟಗೇರಿಯ ಕತೆ ಅಚ್ಚಾದದ್ದು ಆ ಚಳಿಗಾಲವೇ.
ಅದರಲ್ಲಿ ಅಪ್ಪ ಕುಡಿದು ಬಂದು ಮಗ್ಗದ ಲಾಳಿ ಎಸೆಯುತ್ತಾನೆ,
ಒಂಬತ್ತು ವರ್ಷದ ಹುಡುಗ ಅವ್ವನ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾನೆ.
ಓದಿದವರು ಪತ್ರ ಬರೆದರು. ಒಬ್ಬರು ಅತ್ತರಂತೆ.
ನನಗೇ ಆಗಾಗ ಮಣಿಕಟ್ಟು ನೋಯುತ್ತದೆ, ಇಲ್ಲಿಯ ಚಳಿಗೆ.

ಶಿವಲೀಲಕ್ಕ ಫೋನು ಮಾಡಿದಳು, ನನ್ನ ಬೆಳಗಿನ ಐದಕ್ಕೆ.
"ಚಲೋ ಬರದೀ," ಅಂದಳು. ಸುಮ್ಮನಾದಳು.
"ಆದ್ರ ಅವತ್ತ ನೀ ಮಂಚದ ಬುಡಕ ಇದ್ದೆಲ್ಲೋ, ತಮ್ಮಾ."

ನೇಕಾರನ ಮಗ ನಾನು. ನಿಜ ಹಾಸು, ಸುಳ್ಳು ಹೊಕ್ಕು ಎಂದು
ಸಭೆಯಲ್ಲಾಗಿದ್ದರೆ ಹೇಳುತ್ತಿದ್ದೆ, ಚಪ್ಪಾಳೆ ಬೀಳುತ್ತಿತ್ತು.
ಫೋನಿನಲ್ಲಿ ಏನು ಹೇಳುವುದು?
ಮಂಚದ ಬುಡದಿಂದ ಕಂಡದ್ದು ಅವಳ ಹಿಮ್ಮಡಿ ಮಾತ್ರ,
ಮೇಲಕ್ಕೆದ್ದ ಹಿಮ್ಮಡಿ. ಅವ್ವನಷ್ಟು ಎತ್ತರ ಇರಲಿಲ್ಲ ಅವಳು.

ಗುರುತು ಈಗಲೂ ಅವಳ ಎಡಗೈಯಲ್ಲಿದೆ.
ಬಳೆಗಾರ ಕೇಳಿದಾಗಲೆಲ್ಲ ಒಂದೊಂದು ಹೇಳುತ್ತಾಳೆ:
ಸೈಕಲ್ಲಿಂದ ಬಿದ್ದೆ, ಎಸರು ಚೆಲ್ಲಿತು, ಹುಟ್ಟಿದ್ದೇ ಹೀಗ.
ಅವಳೂ.

"ಮುಂದಿನ ಕತೀಯೊಳಗ ನಿನ್ನ ಕೈ ನಿನಗ ವಾಪಸ್ ಕೊಡ್ತೀನಿ, ಅಕ್ಕಾ."
"ಬ್ಯಾಡ. ನಿನಗ ಬೇಕಾಗಿತ್ತು ಕಾಣ್ತದ, ಇಟ್ಕೊ.
ನನಗ ಬ್ಯಾರೆ ಏನರ ಕೊಡು."

ಹೊರಗೆ ಹಾಲಿನ ಗಾಡಿ ಏರು ಹತ್ತುತ್ತ ಗೊಣಗುತ್ತಿತ್ತು.
ನನ್ನ ಹತ್ತಿರ ಇದ್ದದ್ದು ಒಂದೇ.
"ಪಿಯಾನೊ ಅದ," ಅಂದೆ.
"ಅಂದ್ರ?"
"ಪೇಟಿ ಇರ್ತದಲ್ಲ, ಅದರ ಮುತ್ತಜ್ಜ. ಎಮ್ಮಿಯಷ್ಟು ದೊಡ್ಡದು.
ಮೂರು ಸ್ವರ ಹೋಗ್ಯಾವ, ಮತ್ತ."

ನಕ್ಕಳು. ಕೆಮ್ಮು ಬಂತು. ಫೋನನ್ನು ಎಲ್ಲೋ ಇಟ್ಟ ಸದ್ದು.
ಚಪ್ಪಲಿಯ ಸದ್ದು. ಮಣೆ ಸರಿಸಿದ್ದು.
ಬಹಳ ಹೊತ್ತು ಏನೂ ಇಲ್ಲ.

ಆಮೇಲೆ, ಏದುಸಿರಲ್ಲಿ:
"ನಮ್ಮ ಬಾಗಲಾ ಬರೇ ನಾಕ ಗೇಣ ಅದ.
ಹಿಡೀತದೇನು?"