ತಡೆದಷ್ಟೂ ಜೋರು

ಮಗ್ಗ ಮಾರಿದ ಮ್ಯಾಲ ನನ್ನ ಕೈಗೆ ಬರೋದು
ಫ್ರಿಜ್ಜು, ಪಂಪು, ಒಮ್ಮೊಮ್ಮೆ ಹೊಲಿಗಿ ಮಿಷನ್ನು.
ಬಂದೂಕು ಇದೇ ಮೊದಲು.
ಸೋಲಾಪುರದ ಅಶೋಕ ಚೌಕದ ಸಂದ್ಯಾಗ
ಚಾದರದಾಗ ಸುತ್ತಿ ತಂದಿದ್ದಳು ಸುಗಲಾ,
ಜಡ್ಡಾದ ಕುರಿಮರಿ ಎತ್ತಿಕೊಂಡಂಗ.

“ಕಾಕಾ, ಒಂದು ಗುಂಡು ಮ್ಯಾಲ, ಒಂದು ಕೆಳಗ.
ಸರ್ ಅಂತಾರ, ನಿನ್ನ ಮನಸ್ಸೇ ಗಟ್ಟಿ ಇಲ್ಲ.”

ಮನಸ್ಸು ಬಿಚ್ಚೋ ಪಾನಾ ನನ್ನ ಹತ್ರ ಇಲ್ಲ.
ವೇಗ ಅಳಿಯೋ ಡಬ್ಬಿ ಅಕಿಯೇ ತಂದಿದ್ದಳು.
ಖಾಲಿ ಶೆಡ್ಡಿನ ಗ್ವಾಡಿಗೆ ಮರಳಿನ ಚೀಲ ಇಟ್ಟು
ಉದ್ರಿ ವಹಿಯ ಹಿಂದ ಬರಕೊಂಡೆ:
ನೂರಾ ಎಪ್ಪತ್ತೆರಡು. ಎಪ್ಪತ್ತೊಂದು. ಎಪ್ಪತ್ತೊಂಬತ್ತು.
ಎಪ್ಪತ್ತು. ಮತ್ತ ಎಂಬತ್ತು.

ಪೋತದಾರನ ಬಂಗಾರದ ತಕ್ಕಡಿಯೊಳಗ ಛರ್ರಾ ತೂಗಿದೆ,
ಎಲ್ಲಾ ಒಂದೇ ತೂಕ.
ಸುತ್ತಿಗಿಯ ಸ್ಪ್ರಿಂಗ್ ಒರೆಸಿ ಜಿಡ್ಡು ತಗದೆ. ಅದೂ ಅಲ್ಲ.
ಸಿಲಿಂಡರಿನೊಳಗ ನೂರಾ ಎಂಬತ್ತು ಬಾರ್, ಬೇಕಾದಷ್ಟು.

ಚಹಾ ಬಂತು. ಕುಡದು ಬಂದು ಹೊಡದ ಮೊದಲನೇ ಗುಂಡು
ನೂರಾ ಎಂಬತ್ತಾರು.
ಆಗ ಹೊಳೀತು.
ಗುಂಡಿನ ಲೆಕ್ಕಲ್ಲ, ನಡುವಿನ ಹೊತ್ತು ಬರಕೋಬೇಕಿತ್ತು.
ಅರ್ಧ ನಿಮಿಷಕ್ಕ ಎಪ್ಪತ್ತೊಂದು,
ಎರಡು ನಿಮಿಷಕ್ಕ ಎಪ್ಪತ್ತೈದು.
ಬಾಗಿಲು ಹಾಕ್ಯದ ಅನ್ನಸ್ತದ, ಪೂರಾ ಹಾಕಿಲ್ಲ;
ದೊಡ್ಡ ಗಾಳಿ ಸಣ್ಣ ಖೋಲಿಗೆ
ಸಪ್ಪಳಿಲ್ಲದ ಇಳೀತದ,
ನಾನೂ ನನ್ನ ತಮ್ಮನೂ ಮಾತು ಬಿಟ್ಟ ದಿನಗಳಂಗ.

“ಭಾಳೊತ್ತು ಗುರಿ ಹಿಡೀತಿ ಏನು?”
“ಹೌದು ಕಾಕಾ. ಅಂಜಿಕಿ.”
ಅಕಿ ಅಂಜಿದಷ್ಟೂ ಒಳಗ ಗಾಳಿ ಏರಿ
ಅಂಜಿಕಿಯನ್ನೇ ಅಳದು ಕೊಡ್ತಿತ್ತು ಅದು.

ಗಾಳಿ ಬಿಟ್ಟೆ. ಸೂಜಿ ಸೊನ್ನಿಗೆ ನಿಂತ ಮ್ಯಾಲೂ
ನಂಬಲಿಲ್ಲ, ಇನ್ನೊಮ್ಮೆ ಬಿಟ್ಟೆ.
ರೆಗ್ಯುಲೇಟರ್ ಬಿಚ್ಚಿ, ಬಟ್ಟಲದಂಥ ವಾಶರು
ಎದುರು ಬದುರು ಹೆಂಗಿದ್ದವೋ ಹಂಗ
ಪೇಪರಿನ ಮ್ಯಾಲ ಸಾಲಿಟ್ಟೆ.
ಪಿಸ್ಟನ್ ಕುಂಡ್ರೋ ಜಾಗದಾಗ, ಭೂತಗಾಜಿನಡಿ,
ಒಂದು ಕೆಂಪು ಎಳಿ.
ಅವರವ್ವ ಚಾದರಕ್ಕ ಅಂಚು ಹೊಲಿಯೋ ಖೋಲಿಯೊಳಗೇ
ಈಕಿ ಕೈಪಂಪಿನಿಂದ ಗಾಳಿ ತುಂಬತಾಳಂತ.
ಎಳಿ ಬಾಜೂಕ ಒಂದು ಗೀರೂ ಇತ್ತು.
ಎಳಿ ತಗದೆ, ಗೀರು ತಿಕ್ಕಿ ಸಪಾಟ ಮಾಡಿದೆ,
ಓ-ರಿಂಗೂ ಹೊಸದು ಹಾಕಿದೆ.
ಮೂರರೊಳಗ ಯಾವುದು ಕಳ್ಳ, ಇವತ್ತಿಗೂ ಗೊತ್ತಿಲ್ಲ.

ಮರುದಿನ ಎಪ್ಪತ್ತೆರಡು, ಎಪ್ಪತ್ತೆರಡು, ಎಪ್ಪತ್ತೊಂದು.
ರೊಟ್ಟಿ ತಿಂದು ಬಂದು ಹೊಡದರೂ
ಎಪ್ಪತ್ತೆರಡು.

ಆಮ್ಯಾಲ ಹತ್ತು ಮೀಟರಿಗೆ ಕಾಗದ ಕಟ್ಟಿ ಹೊಡದಳು.
ಒಂಬತ್ತು, ಹತ್ತು, ಹತ್ತು,
ಏಳು.
ನಾ ಪಾನಾ ಹುಡುಕಾಕ ಬಗ್ಗಿದೆ.
“ಬ್ಯಾಡ ಕಾಕಾ,” ನಕ್ಕಳು,
“ಇದು ನಂದು.”