ಕೊಸರು

ಗೋಕುಲಂ ಮೂರನೇ ಮೇನಿನಲ್ಲಿ ಚುರುಮುರಿಗೆ ನೂರ ಎಂಬತ್ತು.
ಮಣ್ಣಿನ ಕುಡಿಕೆ, ಮರದ ಚಮಚ,
ಮೇಲೊಂದು ಹೂವು, ತಿನ್ನಬಹುದಂತೆ.
ತಿಂದೆ. ಹೂವಿನ ಹಾಗೇ ಇತ್ತು.

ಸುಳ್ಳಾಡಲಾರೆ, ಚೆನ್ನಾಗಿತ್ತು.
ಕೂದಲೆಳೆ ಕ್ಯಾರೆಟ್ಟು, ಗಾಣದ ಕೊಬ್ಬರಿ ಎಣ್ಣೆ,
ಮಂಡಿನೋವಿನವಳಿಗೆ ಬೆನ್ನಿರುವ ಕುರ್ಚಿ,
ಕೈತೊಳೆಯಲು ನೀರು,
ಚಿಲಕ ಬೀಳುವ ಬಾಗಿಲು.
ಬೀದಿಯಲ್ಲಿ ಹೆಂಗಸರಿಗೆ ಇದನ್ನೆಲ್ಲ ಯಾರು ಕೊಟ್ಟಾರು?
ನಾದಿನಿ ತುಂಗಾ ಫೋಟೋ ಹಿಡಿಯುವಷ್ಟರಲ್ಲಿ
ನನ್ನದು ಒಳಗೊಳಗೇ ಭಾಗಾಕಾರ:
ಜವರಯ್ಯನ ಗಾಡಿಯಲ್ಲಾದರೆ ಆರು ಪೊಟ್ಟಣ.

ಅಗ್ರಹಾರದ ತಿರುವಿನಲ್ಲಿ ಜವರಯ್ಯ
ಯಾರದೋ ಲೆಕ್ಕದ ಉತ್ತರಪತ್ರಿಕೆ ಸುತ್ತಿ
(ಹತ್ತಕ್ಕೆ ಎರಡು ಬಂದ ಹುಡುಗನ ಹೆಸರೂ ಗೊತ್ತು ನನಗೆ)
ಡಬ್ಬದಲ್ಲಿ ಟಣಟಣ ಕಲಸಿ ಸುರಿದು,
ನಾನಿನ್ನೂ ತಿನ್ನುತ್ತಿರುವಾಗಲೇ
‘ಖಾರ ಸಾಕಾ ಅಕ್ಕಾ?’ ಅಂತ
ಮತ್ತೊಂದು ಹಿಡಿ ಹಾಕುತ್ತಾನೆ.
ಆ ಹಿಡಿಯ ಬೆಲೆ ಎಲ್ಲೂ ಬರೆದಿಲ್ಲ.

ಕುಡಿಕೆ ಬರಿದಾಯಿತು.
ನಲವತ್ತು ವರ್ಷದ ಅಭ್ಯಾಸ, ನಾನು ಬೇಡವೆಂದರೂ
ಕೈ ತಾನಾಗಿ ಚಾಚಿತು, ಅಂಗೈ ಮೇಲಾಗಿ.
ಅಂಗಿಗೆ ಹೆಸರು ಸಿಕ್ಕಿಸಿಕೊಂಡ ಹುಡುಗಿ
ಓಡಿ ಬಂದು, ನಗುತ್ತಾ,
ಅದರಲ್ಲಿ ಬಿಲ್ಲಿಟ್ಟಳು.