ಏರುಹೊತ್ತು

ಮಾನ್ವಿಯ ತಗ್ಗಿಗೆ ಹೊಸ ಪಂಪ್‌ಹೌಸು, ಕೊಳಚೆನೀರಿಗೆ.
ನಕ್ಷೆಯಲ್ಲಿ ನಾನು ಬರೆದದ್ದು:
ಬಾವಿಯ ಆಳ ಆರು ಮೀಟರು,
ಪಂಪು ಎರಡು, ಒಂದು ದುಡಿಯಲು, ಒಂದು ಕಾಯಲು.
ಊರಿನ ಏರುಹೊತ್ತು, ಬೆಳಿಗ್ಗೆ ಏಳು.

ಹಳೇ ಪಂಪಿನ ಹುಸೇನಪ್ಪ
ಹಚ್ಚದ ಬೀಡಿಯಿಂದ ಆ ಏಳರ ಮೇಲೆ ಕುಟ್ಟಿದ:
“ರಂಜಾನ್‌ದಾಗ ಬಂದು ನೋಡ್ರಿ ಮೇಡಂ,
ರಾತ್ರಿ ಮೂರಕ್ಕ ಬಾವಿ ಏರತದ.
ಅಕ್ಕಿ ತೊಳೆದ ನೀರು, ವಜೂ ಮಾಡಿದ ನೀರು.
ಮತ್ತ, ಕಾಯೋ ಪಂಪು ಅಂತೀರಲ್ಲ,
ಕುಂತದ್ದು ಕುಂತಲ್ಲೇ ಕೆಸರು ಕಚ್ಚತದ.
ಪಾಳಿ ಹಚ್ಚರಿ,
ಅಕ್ಕ ಒಂದಿನ, ತಂಗಿ ಒಂದಿನ.”

ಮೂಗು ಮುಚ್ಚಿ ಬಗ್ಗಿದೆ.
ಸಾಬೂನಿನ ನೊರೆಯೊಂದು ಬಂದು
ತೇಲುಗುಂಡನ್ನು ಬೆರಳಷ್ಟು ಎತ್ತಿತು.
ಎಲ್ಲೋ ಯಾರೋ
ತಡವಾಗಿ ಮಿಂದಿದ್ದರು.

ಏಳನ್ನು ಅಳಿಸಲಿಲ್ಲ.
ಪಕ್ಕದಲ್ಲಿ ಪೆನ್ಸಿಲಿನಿಂದ ಮೂರು ಬರೆದೆ.